ತೂಕದ ಕಾಗದ, ಹನ್ನೆರಡು ಬುಧವಾರ: ಇಂಗ್ಲೆಂಡಿನ ಕೌನ್ಸಿಲ್ ಸೇವೆಯೊಂದರ ವಿಮರ್ಶೆ

ಇಂಗ್ಲೆಂಡಿನಲ್ಲಿ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೆ ಕಳಿಸುವ ಮನೆಗಳಿಗೆ ಎರಡು ಸಲ ಒಂದು ಸೂಚನಾಪತ್ರ ಬರುತ್ತದೆ. ಮಗು ರಿಸೆಪ್ಷನ್ ತರಗತಿಯಲ್ಲಿರುವಾಗ, ಅಂದರೆ ನಾಲ್ಕೈದು ವರ್ಷದ ವಯಸ್ಸಿನಲ್ಲಿ, ಮೊದಲ ಸಲ. ಇಯರ್ ಸಿಕ್ಸ್‌ಗೆ ಬಂದಾಗ, ಅಂದರೆ ಹತ್ತು ಹನ್ನೊಂದರ ವಯಸ್ಸಿನಲ್ಲಿ, ಎರಡನೆಯ ಸಲ. ನಿಮ್ಮ ಮಗುವಿನ ಎತ್ತರ ಮತ್ತು ತೂಕವನ್ನು ಶಾಲೆಯಲ್ಲಿಯೇ ಅಳೆಯಲಾಗುವುದು, ಬೇಡವಾದಲ್ಲಿ ಇಂತಹ ದಿನಾಂಕದೊಳಗೆ ತಿಳಿಸಿರಿ ಎಂಬುದು ಅದರ ಸಾರ. ನಾವೂ ಅದನ್ನು ಓದಿ ಫ್ರಿಜ್ಜಿನ ಮೇಲಿಟ್ಟು ಮರೆತಿದ್ದೆವು. ಕಳೆದ ವರ್ಷ ನಮ್ಮ ಮಗನ ಅಳತೆಯ ಫಲಿತಾಂಶ ಬಂದು, ಅದರ ಬೆನ್ನಿಗೆ ನಮ್ಮ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ನಡೆಸುವ ಹನ್ನೆರಡು ವಾರಗಳ ಕುಟುಂಬ ಕಾರ್ಯಕ್ರಮಕ್ಕೆ ಮನೆಮಂದಿಯೆಲ್ಲ ಹೋಗಿಬಂದ ಮೇಲೆ, ಈ ಸೇವೆಯ ಒಳ್ಳೆಯದು ಕೆಟ್ಟದ್ದನ್ನು ಕನ್ನಡದಲ್ಲಿ ಬರೆದಿಡಬೇಕು ಅನ್ನಿಸಿತು. ನಮ್ಮ ಕನ್ನಡ ಬಳಗದಲ್ಲಿ ಮಕ್ಕಳ ಅಂಕಪಟ್ಟಿಯ ಬಗ್ಗೆ, ಹನ್ನೊಂದನೇ ವಯಸ್ಸಿನ ಪ್ರವೇಶ ಪರೀಕ್ಷೆಯ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಈ ಕಾಗದದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಾಯಿ ಬಿಟ್ಟ ಮೇಲೆ, ನಮಗೂ ಬಂದಿತ್ತು ಎಂದು ಮೂರು ಮನೆಯವರು ಮೆಲ್ಲಗೆ ಹೇಳಿದರು.

ಕಾರ್ಯಕ್ರಮದ ಅಧಿಕೃತ ಹೆಸರು ನ್ಯಾಷನಲ್ ಚೈಲ್ಡ್ ಮೆಷರ್‌ಮೆಂಟ್ ಪ್ರೋಗ್ರಾಮ್. ಇದು 2005–06ರ ಶಾಲಾ ವರ್ಷದಲ್ಲಿ ಆರಂಭವಾಯಿತು. 2013ರಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ಕೌನ್ಸಿಲ್‌ಗಳಿಗೆ ವರ್ಗವಾದಾಗ ಅಳೆಯುವ ಕೆಲಸವೂ ಅವುಗಳ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿತು. ಅಳೆಯುವುದು ಕಡ್ಡಾಯ, ಆದರೆ ಫಲಿತಾಂಶವನ್ನು ಮನೆಗೆ ಬರೆದು ತಿಳಿಸುವುದು ಆಯಾ ಕೌನ್ಸಿಲ್‌ಗೆ ಬಿಟ್ಟದ್ದು, ಹೆಚ್ಚಿನವು ತಿಳಿಸುತ್ತವೆ. 2022–23ರ ಅಳತೆಯ ಪ್ರಕಾರ ರಿಸೆಪ್ಷನ್ ಮಕ್ಕಳಲ್ಲಿ ಶೇ. 9.2ರಷ್ಟು, ಇಯರ್ ಸಿಕ್ಸ್ ಮಕ್ಕಳಲ್ಲಿ ಶೇ. 22.7ರಷ್ಟು ಮಂದಿ ಬೊಜ್ಜಿನ ವರ್ಗಕ್ಕೆ ಸೇರಿದ್ದರು. ಶಾಲೆಗೆ ಸೇರುವಾಗ ಹತ್ತರಲ್ಲಿ ಒಂದು ಮಗು, ಪ್ರಾಥಮಿಕ ಶಾಲೆ ಮುಗಿಸುವಾಗ ಐದರಲ್ಲಿ ಒಂದಕ್ಕಿಂತ ಹೆಚ್ಚು. ಕೋವಿಡ್‌ನಿಂದ ಶಾಲೆಗಳು ಮುಚ್ಚಿ ತೆರೆದ 2020–21ರಲ್ಲಿ ಇವೇ ಅಂಕಿಗಳು ಶೇ. 14.4 ಮತ್ತು 25.5ಕ್ಕೆ ಏರಿದ್ದವು. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಇನ್ನೊಂದು ಅಂಕಿ: 2022–23ರಲ್ಲಿ ಅತಿ ಬಡ ಪ್ರದೇಶಗಳ ಇಯರ್ ಸಿಕ್ಸ್ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಶೇ. 30.2, ಅತಿ ಅನುಕೂಲಸ್ಥ ಪ್ರದೇಶಗಳಲ್ಲಿ ಶೇ. 13.1. ನಮ್ಮ ಕಡೆ ಹೊಟ್ಟೆ ಬಂದವನನ್ನು ಉಂಡುಟ್ಟು ಚೆನ್ನಾಗಿರುವ ಮನೆಯವನು ಎನ್ನುತ್ತಿದ್ದ ಕಾಲವನ್ನು ನೋಡಿದವಳಿಗೆ, ಇಲ್ಲಿ ಬೊಜ್ಜು ಬಡವರ ಮಕ್ಕಳ ರೋಗವಾಗಿದೆ ಎಂಬುದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಮೊದಲು ಅಳತೆಯ ದಿನದ ಮಾತು. ಇದರಲ್ಲಿ ದೂರಲು ಏನೂ ಇಲ್ಲ. ಶಾಲಾ ನರ್ಸ್ ತಂಡದವರು ಬಂದು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಕೋಣೆಗೆ ಕರೆದು, ಶೂ ಮತ್ತು ಕೋಟು ಮಾತ್ರ ಬಿಚ್ಚಿಸಿ, ಸಂಖ್ಯೆ ಮಗುವಿಗೆ ಕಾಣದಂತೆ ತೂಗಿ ಕಳಿಸಿದರು. ಫಲಿತಾಂಶವನ್ನು ತರಗತಿಯ ಶಿಕ್ಷಕರಿಗಾಗಲಿ ಇತರ ಮಕ್ಕಳಿಗಾಗಲಿ ಹೇಳಲಿಲ್ಲ. ಮಗ ಅಂದು ಸಂಜೆ ಮನೆಗೆ ಬಂದಾಗ ಅಳತೆಯ ವಿಚಾರವನ್ನೇ ಎತ್ತಲಿಲ್ಲ. ಅವನಿಗೆ ಅದು ಕಣ್ಣಿನ ಪರೀಕ್ಷೆಯಷ್ಟೇ ಸಾಮಾನ್ಯ ಸಂಗತಿಯಾಗಿತ್ತು. ಹತ್ತು ವರ್ಷದ ಹುಡುಗನ ಮೈಯನ್ನು ಇಷ್ಟು ಮರ್ಯಾದೆಯಿಂದ ಅಳೆದದ್ದಕ್ಕೆ ಆ ತಂಡಕ್ಕೆ ನಾನು ಐದರಲ್ಲಿ ಐದು ಅಂಕ ಕೊಡುತ್ತೇನೆ.

ಆ ಮರ್ಯಾದೆಯನ್ನು ಆರು ವಾರದ ನಂತರ ಬಂದ ಕಾಗದ ಹಾಳು ಮಾಡಿತು. ಅದು ಬಂದದ್ದು ಮಂಗಳವಾರ ಮಧ್ಯಾಹ್ನ. ನಾನು ಮತ್ತು ನನ್ನ ಗಂಡ ಕೆಲಸದಲ್ಲಿದ್ದೆವು. ತಿಪಟೂರಿನ ಹತ್ತಿರದ ಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮ ಅತ್ತೆಯವರು ಮನೆಯಲ್ಲಿದ್ದರು. ಅವರ ಲೆಕ್ಕದಲ್ಲಿ ಸರ್ಕಾರದ ಮುದ್ರೆಯಿರುವ ಲಕೋಟೆಯನ್ನು ಬಿಚ್ಚದೆ ಇಡುವುದು ಅಪಾಯ. ಇಂಗ್ಲಿಷ್ ಬಾರದ ಅವರು ಶಾಲೆಯಿಂದ ಬಂದ ಮೊಮ್ಮಗನಿಗೆ, "ಇದೇನು ಕಾಗದವೋ ನೋಡು ಪುಟ್ಟ, ಜೋರಾಗಿ ಓದು" ಎಂದು ಕೈಗಿತ್ತರು. ಅವನು ಓದಿದ. ಅದರಲ್ಲಿ ಅವನ ಹೆಸರು, ಹುಟ್ಟಿದ ದಿನಾಂಕ, ಎತ್ತರ, ತೂಕ, ಅದರ ಕೆಳಗೆ ಅವನು ತನ್ನ ವಯಸ್ಸಿಗೆ ಇರಬೇಕಾದುದಕ್ಕಿಂತ ಬಹಳ ಹೆಚ್ಚು ತೂಕದವನೆಂಬ ವಾಕ್ಯ, ಅದರ ಕೆಳಗೆ ಮುಂದೆ ಬರಬಹುದಾದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹೆಸರು. ನಾನು ಮನೆಗೆ ಬಂದಾಗ ಕಾಗದ ನಾಲ್ಕಾಗಿ ಮಡಚಿಕೊಂಡು ಅವನ ದಿಂಬಿನ ಅಡಿಯಲ್ಲಿತ್ತು. ಅತ್ತೆಯವರು, "ಏನೋ ಲೈಬ್ರರಿ ಪುಸ್ತಕದ್ದಂತೆ ಕಣಮ್ಮ" ಎಂದರು. ಅವನು ಅಜ್ಜಿಗೆ ಹಾಗೆ ಹೇಳಿದ್ದ. ಆ ರಾತ್ರಿ ಊಟಕ್ಕೆ ಅರ್ಧ ಚಪಾತಿ ತಿಂದು ಎದ್ದ. ಯಾಕೋ ಎಂದು ಕೇಳಿದಾಗ ಹೊರಬಿದ್ದದ್ದು ಕಾಗದದ ವಿಷಯ.

ಅಜ್ಜಿ ಬಿಚ್ಚಿದ್ದಕ್ಕೆ ಕೌನ್ಸಿಲ್ ಏನು ಮಾಡೀತು ಎಂದು ಯಾರಾದರೂ ಕೇಳಬಹುದು. ಮಾಡಬಹುದಾದದ್ದು ಬಹಳ ಇತ್ತು ಎಂಬುದು ನನ್ನ ಉತ್ತರ. ಲಕೋಟೆಯ ಮೇಲೆ ಪೋಷಕರು ಮಾತ್ರ ತೆರೆಯಬೇಕೆಂಬ ಮಾತಿರಲಿಲ್ಲ. ಕಾಗದಕ್ಕೆ ಮೊದಲು ಒಂದು ಫೋನ್ ಕರೆ ಬರಲಿಲ್ಲ. ಇಯರ್ ಸಿಕ್ಸ್ ಮಗು ಇಂಗ್ಲಿಷನ್ನು ತಂದೆತಾಯಿಗಿಂತ ಚೆನ್ನಾಗಿ ಓದುವ ಎಷ್ಟೋ ವಲಸೆ ಕುಟುಂಬಗಳಲ್ಲಿ ಮನೆಗೆ ಬರುವ ಎಲ್ಲ ಕಾಗದಗಳ ಮೊದಲ ಓದುಗ ಆ ಮಗುವೇ. ಹಾಗಿರುವಾಗ ಮೊದಲ ವಾಕ್ಯದಲ್ಲೇ ತೀರ್ಪು ಕೊಟ್ಟು, ಸಹಾಯದ ಫೋನ್ ಸಂಖ್ಯೆಯನ್ನು ಎರಡನೆಯ ಪುಟದ ಕೊನೆಗೆ ಹಾಕುವ ಕಾಗದ ಅವಸರದ ಕೆಲಸ. ಐದರಲ್ಲಿ ಒಂದೂವರೆ ಅಂಕ, ಅದೂ ಅಂಕಿಗಳು ಸರಿಯಿದ್ದವೆಂಬ ಕಾರಣಕ್ಕೆ.

ಅಂಕಿಗಳು ಸರಿಯಿದ್ದವೇ ಎಂಬುದನ್ನು ನಾನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಇದು ಬಿಳಿಯ ಮಕ್ಕಳ ಪಟ್ಟಿ, ನಮ್ಮ ಮಕ್ಕಳ ಮೈಕಟ್ಟೇ ಬೇರೆ ಎಂಬುದು ನಮ್ಮ ಬಳಗದಲ್ಲಿ ಎಲ್ಲರೂ ಹೇಳುವ ಸಮಾಧಾನ, ನಾನೂ ಹೇಳಿಕೊಂಡೆ. ಮಕ್ಕಳಲ್ಲಿ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿಎಂಐ ಸಂಖ್ಯೆಯನ್ನು ಹಾಗೆಯೇ ಬಳಸುವುದಿಲ್ಲ; ಅದೇ ವಯಸ್ಸಿನ, ಅದೇ ಲಿಂಗದ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಈ ಮಗು ಎಷ್ಟನೆಯ ಸ್ಥಾನದಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಈ ನೂರರ ಸಾಲು ಬ್ರಿಟನ್ನಿನಲ್ಲಿ 1990ರ ಸುಮಾರಿನ ಮಕ್ಕಳ ಅಳತೆಯಿಂದ ಕಟ್ಟಿದ್ದು. ಮನೆಗೆ ಬರುವ ಕಾಗದದಲ್ಲಿ 91ನೇ ಸ್ಥಾನದಿಂದ ಮೇಲಿದ್ದರೆ ಹೆಚ್ಚು ತೂಕ, 98ರಿಂದ ಮೇಲಿದ್ದರೆ ಬಹಳ ಹೆಚ್ಚು ತೂಕ. ಈಗ ನಮ್ಮ ಸಮಾಧಾನದ ಕಥೆ: ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಅಷ್ಟೇ ಬಿಎಂಐಗೆ ಮೈಯ ಕೊಬ್ಬಿನಂಶ ಬಿಳಿಯ ಮಕ್ಕಳಿಗಿಂತ ಹೆಚ್ಚಿರುತ್ತದೆ. ಅಂದರೆ ಈ ಪಟ್ಟಿ ನಮ್ಮ ಮಕ್ಕಳ ವಿಷಯದಲ್ಲಿ ತಪ್ಪಿದರೆ, ಕಡಿಮೆ ಹೇಳುವ ಕಡೆಗೆ ತಪ್ಪುತ್ತದೆ. ನಮ್ಮಂತಹವರಿಗೆ ಸಕ್ಕರೆ ಕಾಯಿಲೆ ಬೇಗ ಹತ್ತುವುದರಿಂದಲೇ ದೊಡ್ಡವರಲ್ಲಿಯೂ ಏಷ್ಯಾದವರಿಗೆ ಬಿಎಂಐ 25ರ ಬದಲು 23ನ್ನೇ ಎಚ್ಚರಿಕೆಯ ಗೆರೆಯಾಗಿ ಇಡುತ್ತಾರೆ. ಇದನ್ನು ತಿಳಿದ ದಿನ ನಾನು ವಾದಿಸುವುದನ್ನು ಬಿಟ್ಟು ಎರಡನೆಯ ಪುಟದ ಕೊನೆಯ ಸಂಖ್ಯೆಗೆ ಫೋನ್ ಮಾಡಿದೆ.

ಫೋನ್ ಎತ್ತಿದವರು ಸೌಜನ್ಯದಿಂದ ಮಾತನಾಡಿದರು, ಆದರೆ ಕುಟುಂಬ ಕಾರ್ಯಕ್ರಮದಲ್ಲಿ ಜಾಗ ಸಿಗಲು ಏಳು ವಾರ ಕಾಯಬೇಕಾಯಿತು. ಆ ಏಳು ವಾರ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಚಕ್ಕುಲಿ, ಕೋಡುಬಳೆಯ ಡಬ್ಬಗಳನ್ನು ಮೇಲಿನ ಅಟ್ಟಕ್ಕೆ ಏರಿಸಿದೆವು. ತಂಗಿಗೆ ಕೊಟ್ಟದ್ದನ್ನು ಅಣ್ಣನಿಗೆ ಕೊಡಲಿಲ್ಲ. ಅವನು ತಿನ್ನುವಾಗ ನಾವಿಬ್ಬರೂ ಅವನ ತಟ್ಟೆಯನ್ನೇ ನೋಡುತ್ತಿದ್ದೆವು. ಅವನು ಪಕ್ಕದ ಮನೆಯ ಗೆಳೆಯನಲ್ಲಿಗೆ ಹೋಗಿ ತಿಂದುಬರತೊಡಗಿದ. ಕಾಗದ ಕಳಿಸಿ ಏಳು ವಾರ ಕೈಬಿಡುವ ವ್ಯವಸ್ಥೆ, ಹೆದರಿದ ತಂದೆತಾಯಿಗಳ ಕೈಗೆ ಮಗುವನ್ನು ಒಪ್ಪಿಸಿ ಹೋದಂತೆ.

ಇನ್ನು ಹನ್ನೆರಡು ಬುಧವಾರಗಳ ವಿಚಾರ, ಈ ವಿಮರ್ಶೆ ಬರೆಯಲು ನಿಜವಾದ ಕಾರಣ. ಊರಿನ ಲೀಷರ್ ಸೆಂಟರಿನಲ್ಲಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ, ಪೂರ್ತಿ ಉಚಿತ. ಎಂಟು ಕುಟುಂಬಗಳಿದ್ದವು. ಮೊದಲ ಮುಕ್ಕಾಲು ಗಂಟೆ ಮಕ್ಕಳು ಆಟದ ಅಂಗಳದಲ್ಲಿ, ದೊಡ್ಡವರು ಪೌಷ್ಟಿಕ ಆಹಾರ ತಜ್ಞೆಯೊಂದಿಗೆ. ಉಳಿದ ಮುಕ್ಕಾಲು ಗಂಟೆ ಎಲ್ಲರೂ ಸೇರಿ ಅಡುಗೆಯೋ ಆಟವೋ. ಮೊದಲ ದಿನವೇ ಆಕೆ ಒಂದು ನಿಯಮ ಹಾಕಿದರು: ಈ ಹನ್ನೆರಡು ವಾರ ಮಕ್ಕಳ ಎದುರಿಗೆ ತೂಕ ಎಂಬ ಪದವನ್ನೇ ಯಾರೂ ಬಳಸಬಾರದು, ಮನೆಯಲ್ಲಿ ತೂಕದ ಯಂತ್ರವಿದ್ದರೆ ಎತ್ತಿಡಬೇಕು, ಯಾವ ನಿಯಮವನ್ನು ಮಾಡಿದರೂ ಅದು ಮನೆಯ ಎಲ್ಲರಿಗೂ, ಅಪ್ಪನಿಗೂ ಅಜ್ಜಿಗೂ ಅನ್ವಯಿಸಬೇಕು. ಬೆಳೆಯುವ ಮಕ್ಕಳಲ್ಲಿ ಗುರಿ ಬಹುತೇಕ ತೂಕ ಇಳಿಸುವುದಲ್ಲ. ತೂಕವನ್ನು ಅಲ್ಲಿಗೇ ನಿಲ್ಲಿಸಿ ಎತ್ತರಕ್ಕೆ ಅದನ್ನು ಹಿಡಿಯಲು ಸಮಯ ಕೊಡುವುದು ಎಂದು ವಿವರಿಸಿದರು. ಕಾಗದದಲ್ಲಿ ಎಲ್ಲಿಯೂ ಇಲ್ಲದ ಈ ಒಂದು ವಾಕ್ಯ ಅಂದು ಸಿಕ್ಕಿದ್ದರೆ ನಮ್ಮ ಏಳು ವಾರ ಉಳಿಯುತ್ತಿತ್ತು. ಆ ಸಂಜೆ ಕಾರಿನಲ್ಲಿ ಕೂತಾಗ ಮಗ, "ಅಮ್ಮ, ಅಲ್ಲಿ ನನ್ನನ್ನು ಯಾರೂ ತೂಗಲಿಲ್ಲ, ಡಾಡ್ಜ್‌ಬಾಲ್ ಆಡಿಸಿದರು" ಎಂದ. ಮುಂದಿನ ಬುಧವಾರಕ್ಕೆ ಅವನೇ ಮೊದಲು ಶೂ ಹಾಕಿಕೊಂಡು ನಿಂತಿದ್ದ.

ಎರಡನೆಯ ವಾರ ಸಕ್ಕರೆಯ ಲೆಕ್ಕ. ಏಳರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ಸೇರಿಸಿದ ಸಕ್ಕರೆ, ಹಣ್ಣಿನ ರಸದ್ದೂ ಸೇರಿ, 24 ಗ್ರಾಂ, ಅಂದರೆ ಆರು ಸಕ್ಕರೆ ಚೌಕಗಳನ್ನು ಮೀರಬಾರದು. ಹನ್ನೊಂದು ತುಂಬಿದ ಮೇಲೆ 30 ಗ್ರಾಂ. ಮಕ್ಕಳೇ ತಮ್ಮ ನಿನ್ನೆಯ ದಿನವನ್ನು ನೆನೆದು ಚೌಕಗಳನ್ನು ಜೋಡಿಸಬೇಕಿತ್ತು. ಬೆಳಿಗ್ಗೆ ಹಾಲಿಗೆ ಹಾಕಿದ ಸಿಹಿ ಮಾಲ್ಟ್ ಪುಡಿ, ಊಟದ ಡಬ್ಬಿಯ ಹಣ್ಣಿನ ರಸ, ಸಂಜೆಯ ಬಿಸ್ಕತ್ತು, ಮಲಗುವ ಮೊದಲು ಸ್ಟ್ರಾಬೆರಿ ಮೊಸರು: ನಮ್ಮವನ ಸಾಲು ಹನ್ನೊಂದು ಚೌಕಗಳಿಗೆ ನಿಂತಿತು. ಅದರಲ್ಲಿ ಒಂದೂ ನನ್ನ ಕಣ್ಣಿಗೆ ತಿಂಡಿಪೋತನವೆಂದು ಕಂಡಿರಲಿಲ್ಲ. ಎಲ್ಲವೂ ಪುಷ್ಟಿಗೆಂದು ಕೊಟ್ಟವು. ಹಣ್ಣಿನ ರಸ ಎಷ್ಟೇ ಶುದ್ಧವಾಗಿದ್ದರೂ ದಿನಕ್ಕೆ 150 ಮಿಲಿಲೀಟರ್ ಸಾಕು ಎಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಲಹೆ. ನಾನು ಮಾವಿನ ರಸದ ದೊಡ್ಡ ಪೆಟ್ಟಿಗೆಯನ್ನು ಹಣ್ಣಿನ ಲೆಕ್ಕಕ್ಕೆ ಹಾಕಿ ನೆಮ್ಮದಿಯಾಗಿದ್ದೆ.

ನಾಲ್ಕನೆಯ ವಾರ ಸೂಪರ್‌ಮಾರ್ಕೆಟ್‌ಗೆ ಕರೆದೊಯ್ದು ಪೊಟ್ಟಣದ ಹಿಂಬದಿ ಓದುವುದನ್ನು ಕಲಿಸಿದರು. ಇಲ್ಲಿನ ಪೊಟ್ಟಣಗಳ ಮುಂದೆ ಹಸಿರು, ಹಳದಿ, ಕೆಂಪು ಬಣ್ಣಗಳ ಗುರುತು ಇರುತ್ತದೆ, ಆದರೆ ಅದು ತಯಾರಕರ ಇಚ್ಛೆಗೆ ಬಿಟ್ಟದ್ದು. ನಾವು ಕೊಳ್ಳುವ ಭಾರತೀಯ ಅಂಗಡಿಯ ಖಾರದ ಪೊಟ್ಟಣಗಳ ಮೇಲೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಸಂಖ್ಯೆಗಳನ್ನೇ ಬಾಯಿಪಾಠ ಮಾಡಿಕೊಂಡೆ: ನೂರು ಗ್ರಾಮಿಗೆ ಸಕ್ಕರೆ 22.5 ಗ್ರಾಂ, ಕೊಬ್ಬು 17.5 ಗ್ರಾಂ, ಉಪ್ಪು 1.5 ಗ್ರಾಂ ದಾಟಿದರೆ ಕೆಂಪು. ಮಿಕ್ಸ್ಚರ್, ಸೇವು, ಬಾಳೆಕಾಯಿ ಚಿಪ್ಸ್ ಯಾವುದನ್ನು ಎತ್ತಿದರೂ ಕೊಬ್ಬಿನ ಸಾಲು ಕೆಂಪಿನ ಆಚೆಗೇ ಇತ್ತು. ಹೀಗೆ ಓದುವುದನ್ನು ಮಗ ನನಗಿಂತ ಬೇಗ ಕಲಿತ. ಅಂಗಡಿಯಲ್ಲಿ ಎರಡು ಪೊಟ್ಟಣಗಳನ್ನು ಹಿಡಿದು ಹೋಲಿಸಿ ಆರಿಸುವುದು ಅವನ ಕೆಲಸವಾಯಿತು. ತಿನ್ನಬೇಡ ಎಂದು ನಾನು ಹೇಳುವುದು ನಿಂತಿತು.

ಆದರೆ ನಮ್ಮ ಮನೆಯ ದಿಕ್ಕು ಬದಲಿಸಿದ್ದು ಆರನೆಯ ಬುಧವಾರ. ಅಲ್ಲಿ ಪಾಠಕ್ಕೆ ಬಳಸುತ್ತಿದ್ದ ಆಹಾರದ ತಟ್ಟೆಯ ಚಿತ್ರದಲ್ಲಿ ಆಲೂಗಡ್ಡೆ, ಬ್ರೆಡ್, ಪಾಸ್ತಾ ಇದ್ದವು. ಅನ್ನವೂ ಒಂದು ಮೂಲೆಯಲ್ಲಿ ಇತ್ತು. ಹುಳಿ, ಪಲ್ಯ, ಮುದ್ದೆ, ರೊಟ್ಟಿಗಳಿಗೆ ಜಾಗವಿರಲಿಲ್ಲ. ಇದನ್ನು ಹೇಳಿದಾಗ ತಜ್ಞೆ ಬೇಸರಿಸದೆ, ನಿಮ್ಮ ಮನೆಯ ಒಂದು ಮಾಮೂಲಿ ಊಟವನ್ನು ಹಾಗೆಯೇ ತನ್ನಿ ಎಂದರು. ಅತ್ತೆಯವರು ಅನ್ನ, ತೊಗರಿಬೇಳೆ ಹುಳಿ, ಬೀನ್ಸ್ ಪಲ್ಯ, ಹಪ್ಪಳ, ತುಪ್ಪ, ಮೊಸರು ಎಲ್ಲವನ್ನೂ ಡಬ್ಬಿಗಳಲ್ಲಿ ಕಟ್ಟಿಕೊಂಡು ತಾವೇ ಬಂದರು, ಮೊಮ್ಮಗನಿಗೆ ದಿನಾ ಬಡಿಸುವಂತೆಯೇ ತಟ್ಟೆಗೆ ಬಡಿಸಿ ತೋರಿಸಿದರು. ತಜ್ಞೆ ತಟ್ಟೆಯ ಅನ್ನವನ್ನು ಬಟ್ಟಲಿನಲ್ಲಿ ಅಳೆದು, ಇದು ಮೂರು ಮಕ್ಕಳ ಅನ್ನ, ಪಲ್ಯ ಮಾತ್ರ ಅರ್ಧ ಮಗುವಿನದು ಎಂದರು. ಆಮೇಲೆ ನನ್ನ ಮೂಲಕ ಅತ್ತೆಯವರನ್ನು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಮಗು ಸಾಕು ಎಂದಾಗ ನೀವು ಏನು ಹೇಳುತ್ತೀರಿ?"

ಅತ್ತೆಯವರು ಸ್ವಲ್ಪ ಸುಮ್ಮನಿದ್ದು, "ಇನ್ನೊಂದು ತುತ್ತು ಅಂತೀನಿ" ಎಂದರು. ಇನ್ನೊಂದು ತುತ್ತು ಎನ್ನುವುದು ನಮ್ಮಲ್ಲಿ ಪ್ರೀತಿಯ ಮಾತು. ಎರಡನೆಯ ಸಲ ಬಡಿಸದೆ ಬಿಟ್ಟರೆ ಉಪಚಾರದಲ್ಲಿ ಕೊರತೆ. ಅತ್ತೆಯವರು ತಮ್ಮ ಬಾಲ್ಯದ ಬರಗಾಲದ ಮಾತು ತೆಗೆದರು. ಆರು ಮಕ್ಕಳಿಗೆ ಮೂರು ಮುದ್ದೆ ಹಂಚಿದ ತಾಯಿಯ ಮಗಳು ತಾವು, ಮೊಮ್ಮಗ ತಟ್ಟೆಯಲ್ಲಿ ಬಿಟ್ಟೆದ್ದರೆ ಕರುಳು ಕಿತ್ತುಬರುತ್ತದೆ ಎಂದರು. ನಾನು ತರ್ಜುಮೆ ಮಾಡುವಾಗ ಆ ಕೋಣೆಯಲ್ಲಿದ್ದ ಪಂಜಾಬಿನ ಅಜ್ಜಿಯೊಬ್ಬರು ಮತ್ತು ಸೊಮಾಲಿಯಾದ ತಾಯಿಯೊಬ್ಬರು ತಲೆಯಾಡಿಸುತ್ತಿದ್ದರು. ತಜ್ಞೆ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಲಿಲ್ಲ. ಏನು ಅಡುಗೆ, ಯಾವಾಗ ಊಟ ಎಂಬುದು ದೊಡ್ಡವರ ಕೆಲಸ, ಎಷ್ಟು ಎಂಬುದು ಮಗುವಿನ ಹೊಟ್ಟೆಯ ಕೆಲಸ, ಆ ಹೊಟ್ಟೆ ಹೇಳಿದ್ದನ್ನು ಮಗು ಮರೆಯುವಂತೆ ನಾವು ಮಾಡಬಾರದು ಎಂದಷ್ಟೇ ಹೇಳಿದರು. ಮರುದಿನದಿಂದ ನಮ್ಮ ಮನೆಯಲ್ಲಿ ಮಗ ತಾನೇ ಬಡಿಸಿಕೊಳ್ಳತೊಡಗಿದ. ಪಲ್ಯ ಮೊದಲು, ಹುಳಿ ಆಮೇಲೆ, ಅನ್ನ ಕೊನೆಗೆ ಎಂಬ ಕ್ರಮವನ್ನು ಹಾಕಿದ್ದು ಅತ್ತೆಯವರೇ. ಮೊದಲ ವಾರ ಅವರು ಊಟದ ಹೊತ್ತಿನಲ್ಲಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದರು.

ಅಡುಗೆಯ ತರಗತಿಗಳು ಸಾಧಾರಣ. ತರಕಾರಿ ಪಿಜ್ಜಾ, ಹಣ್ಣಿನ ಕಡ್ಡಿ, ಸೂಪು. ವಾರಕ್ಕೊಮ್ಮೆ ಪಿಜ್ಜಾ ಮಾಡುವ ಮನೆಗೆ ಇವು ಉಪಯೋಗ, ನಮಗೆ ಅಷ್ಟಿಲ್ಲ. ಊಟದ ಡಬ್ಬಿಯ ಪಾಠ ಮಾತ್ರ ಬಹಳ ಪ್ರಯೋಜನಕ್ಕೆ ಬಂತು. ಶಾಲೆಯ ಬಿಸಿ ಊಟಕ್ಕೆ ಇಲ್ಲಿ ಪೌಷ್ಟಿಕಾಂಶದ ನಿಯಮಗಳಿವೆ, ಮನೆಯಿಂದ ಬರುವ ಡಬ್ಬಿಗೆ ಇಲ್ಲ. ಲೀಡ್ಸ್ ವಿಶ್ವವಿದ್ಯಾಲಯದವರು ಪ್ರಾಥಮಿಕ ಶಾಲೆಯ ಮಕ್ಕಳ ಡಬ್ಬಿಗಳನ್ನು ಪರಿಶೀಲಿಸಿದಾಗ ಆ ನಿಯಮಗಳನ್ನು ಮುಟ್ಟಿದವು ನೂರಕ್ಕೆ ಎರಡಕ್ಕಿಂತ ಕಡಿಮೆ. ಸಸ್ಯಾಹಾರದ ಕಾರಣಕ್ಕೆ ಡಬ್ಬಿ ಕಟ್ಟುವ ನಮ್ಮ ಮನೆಗಳ ಚಿತ್ರಾನ್ನದ ಪಕ್ಕದಲ್ಲಿ ಕ್ರಿಸ್ಪ್ಸ್ ಪೊಟ್ಟಣ, ರಸದ ಪೆಟ್ಟಿಗೆ, ಚಾಕಲೇಟ್ ಬಿಸ್ಕತ್ತು ಇರುವುದನ್ನು ನಾನು ಬಲ್ಲೆ, ಏಕೆಂದರೆ ನಾನೇ ಕಟ್ಟುತ್ತಿದ್ದೆ. ಈಗ ವಾರಕ್ಕೆ ಮೂರು ದಿನ ಅವನು ಶಾಲೆಯ ಬಿಸಿ ಊಟ ಮಾಡುತ್ತಾನೆ.

ಕಾರ್ಯಕ್ರಮದ ಕೊರತೆಗಳನ್ನೂ ಹೇಳಬೇಕು. ಸಂಜೆ ನಾಲ್ಕೂವರೆ ಎಂಬ ಹೊತ್ತು ಕಚೇರಿಯಿಂದ ಬೇಗ ಬರಬಲ್ಲವರಿಗೆ ಮಾತ್ರ. ಪಾಳಿ ಕೆಲಸ ಮಾಡುವ ತಾಯಂದಿರು ಬರುವಂತಿರಲಿಲ್ಲ. ಎಂಟು ಕುಟುಂಬಗಳಲ್ಲಿ ಕೊನೆಯವರೆಗೆ ಉಳಿದದ್ದು ಐದು, ಹೋದ ಮೂವರೂ ಎರಡು ಬಸ್ಸು ಬದಲಿಸಿ ಬರಬೇಕಾದವರು. ಬೊಜ್ಜು ಹೆಚ್ಚಿರುವುದು ಬಡ ಬಡಾವಣೆಗಳಲ್ಲಿ ಎಂದು ಕೌನ್ಸಿಲ್‌ನ ಸ್ವಂತ ಅಂಕಿಗಳೇ ಹೇಳುವಾಗ, ಕಾರಿದ್ದವರಿಗೆ ಹತ್ತಿರವಾದ ಲೀಷರ್ ಸೆಂಟರಿನಲ್ಲಿ ತರಗತಿ ನಡೆಸುವುದು ಸರಿಯಲ್ಲ. ದುಭಾಷಿಯ ವ್ಯವಸ್ಥೆಯೂ ಇರಲಿಲ್ಲ. ಅತ್ತೆಯವರಿಗೆ ನಾನಿದ್ದೆ, ಸೊಮಾಲಿಯಾದ ತಾಯಿಗೆ ಒಂಬತ್ತು ವರ್ಷದ ಮಗಳೇ ತರ್ಜುಮೆ ಮಾಡುತ್ತಿದ್ದಳು. ಇದರ ಹಿಂದೆ ಹಣದ ಕಥೆಯಿದೆ. ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ಸಾರ್ವಜನಿಕ ಆರೋಗ್ಯದ ಅನುದಾನ 2015–16ರಿಂದೀಚೆಗೆ, ಬೆಲೆಯೇರಿಕೆ ಕಳೆದು ತಲಾ ಲೆಕ್ಕದಲ್ಲಿ ನೋಡಿದರೆ, ಸುಮಾರು ಕಾಲು ಭಾಗ ಕುಗ್ಗಿದೆ. ಅಳೆಯುವುದು ಕಡ್ಡಾಯವಾದ್ದರಿಂದ ಅದು ಉಳಿಯುತ್ತದೆ. ಕುಟುಂಬ ಕಾರ್ಯಕ್ರಮ ಕಡ್ಡಾಯವಲ್ಲದ್ದರಿಂದ ಕತ್ತರಿ ಬೀಳುವುದು ಅದರ ಮೇಲೆ. ಕೆಲವು ಊರುಗಳಲ್ಲಿ ಕಾಗದ ಬರುತ್ತದೆ, ಹೋಗಲು ತರಗತಿಯೇ ಇರುವುದಿಲ್ಲ. ನನ್ನ ಮಟ್ಟಿಗೆ ಅಳತೆಯ ನಂತರದ ಸಹಾಯವೂ ಕಾನೂನಿನಲ್ಲಿ ಕಡ್ಡಾಯವಾಗಬೇಕು. ಇಲ್ಲದಿದ್ದರೆ ಕಾಗದ ಕಳಿಸುವ ಹಕ್ಕು ಯಾರಿಗೂ ಇಲ್ಲ.

ಮನೆಯೊಳಗೆ ನಾವು ಇಷ್ಟೆಲ್ಲ ಮಾಡಿದರೂ ಹೊಸ್ತಿಲು ದಾಟಿದರೆ ಶಾಲೆಯಿಂದ ಮನೆಗೆ ಬರುವ ಮುಕ್ಕಾಲು ಮೈಲಿಯಲ್ಲಿ ಕರಿದ ಕೋಳಿಯ ಅಂಗಡಿಗಳು ನಾಲ್ಕು. ಅಲ್ಲಿ ಕೌನ್ಸಿಲ್‌ಗೆ ತಾಯಿಗಿಲ್ಲದ ಅಧಿಕಾರವಿದೆ. ಲಂಡನ್ನಿನ ವಾಲ್ತಮ್ ಫಾರೆಸ್ಟ್ 2009ರಲ್ಲೇ ಶಾಲೆಗಳಿಂದ 400 ಮೀಟರ್ ಒಳಗೆ ಹೊಸ ಟೇಕ್‌ಅವೇ ಅಂಗಡಿಗಳಿಗೆ ಅನುಮತಿ ನಿರಾಕರಿಸುವ ಯೋಜನಾ ನಿಯಮವನ್ನು ತಂದಿತು. ಗೇಟ್ಸ್‌ಹೆಡ್ ಕೌನ್ಸಿಲ್ 2015ರಲ್ಲಿ ಇನ್ನೂ ಮುಂದೆ ಹೋಗಿ, ಇಯರ್ ಸಿಕ್ಸ್ ಮಕ್ಕಳಲ್ಲಿ ಬೊಜ್ಜಿನವರು ಶೇ. 10ಕ್ಕಿಂತ ಹೆಚ್ಚಿರುವ ವಾರ್ಡುಗಳಲ್ಲಿ ಹೊಸ ಟೇಕ್‌ಅವೇಗಳಿಗೆ ಅನುಮತಿಯಿಲ್ಲ ಎಂದಿತು. ಶಾಲೆಯ ಕೋಣೆಯಲ್ಲಿ ತೆಗೆದ ಅಳತೆ ಬೀದಿಯ ಅಂಗಡಿಯ ಪರವಾನಗಿಯನ್ನು ತೀರ್ಮಾನಿಸಿದ ಉದಾಹರಣೆ ಇದು, ಮತ್ತು ಈ ಅಳತೆಗಳ ಅತ್ಯುತ್ತಮ ಉಪಯೋಗ ಇದೇ ಎಂದು ನನಗೆ ತೋರುತ್ತದೆ. ಇಂತಹ ನಿಯಮಗಳು ಈಗಾಗಲೇ ಇರುವ ಅಂಗಡಿಗಳನ್ನು ಮುಟ್ಟುವುದಿಲ್ಲ ಎಂಬುದು ಅವುಗಳ ಮಿತಿ. ಲಂಡನ್ನಿನ ಮೇಯರ್ 2019ರ ಫೆಬ್ರವರಿಯಿಂದ ಬಸ್ಸು, ಟ್ಯೂಬ್ ರೈಲುಗಳಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳ ಜಾಹೀರಾತನ್ನು ನಿಲ್ಲಿಸಿದರು; ಆಮೇಲೆ ನಡೆದ ಅಧ್ಯಯನದಲ್ಲಿ, ನಿಷೇಧವಿಲ್ಲದಿದ್ದರೆ ಆಗುತ್ತಿದ್ದ ಖರೀದಿಗೆ ಹೋಲಿಸಿದರೆ, ಪ್ರತಿ ಮನೆಯವರು ವಾರಕ್ಕೆ ಕೊಳ್ಳುವ ಇಂತಹ ತಿನಿಸುಗಳಲ್ಲಿ ಸುಮಾರು 1,000 ಕ್ಯಾಲೊರಿ ಕಡಿಮೆಯಾಗಿದ್ದುದು ಕಂಡುಬಂತು. ನಮ್ಮ ಕೌನ್ಸಿಲ್‌ನ ಬಸ್ ನಿಲ್ದಾಣಗಳಲ್ಲಿ ಬರ್ಗರಿನ ಚಿತ್ರಗಳು ಇನ್ನೂ ಇವೆ. ನಮ್ಮ ಮಗ ಹನ್ನೆರಡನೆಯ ಬುಧವಾರ ಮುಗಿಸಿ ಹೊರಬಂದಾಗ ಲೀಷರ್ ಸೆಂಟರಿನ ಬಾಗಿಲ ಪಕ್ಕದಲ್ಲಿ ಕಂಡದ್ದು ಚಾಕಲೇಟ್ ಮತ್ತು ಸಿಹಿ ಪಾನೀಯಗಳ ಯಂತ್ರ. ಅದು ಮೊದಲ ವಾರದಿಂದಲೂ ಅಲ್ಲೇ ಇತ್ತು. ನಾನು ಎರಡು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಇನ್ನೊಂದು ಮಾತು ವಯಸ್ಸಿನ ಬಗ್ಗೆ. ಇಯರ್ ಸಿಕ್ಸ್‌ನಲ್ಲಿ ಎಚ್ಚರಿಸುವುದು ತಡ. ಲೀಡ್ಸ್ ನಗರ ಇದನ್ನು ಬೇಗ ಅರಿತು, ಐದು ವರ್ಷದೊಳಗಿನ ಮಕ್ಕಳ ತಂದೆತಾಯಿಗಳಿಗಾಗಿ ಹೆನ್ರಿ ಎಂಬ ಎಂಟು ವಾರಗಳ ಕಾರ್ಯಕ್ರಮವನ್ನು ನಗರದ ಬಡ ಪ್ರದೇಶಗಳಿಂದ ಆರಂಭಿಸಿತು. ಅದರಲ್ಲಿ ಊಟಕ್ಕಿಂತ ಹೆಚ್ಚಾಗಿ ಮಗುವಿನೊಂದಿಗೆ ನಡೆದುಕೊಳ್ಳುವ ರೀತಿ, ಹಠವನ್ನು ತಿಂಡಿಯಿಂದ ಸುಮ್ಮನಾಗಿಸದೆ ನಿಭಾಯಿಸುವುದು, ನಿದ್ದೆಯ ಹೊತ್ತು ಇವುಗಳ ಪಾಠ. 2009–10ರಲ್ಲಿ ಶೇ. 9.4 ಇದ್ದ ಅಲ್ಲಿನ ರಿಸೆಪ್ಷನ್ ಮಕ್ಕಳ ಬೊಜ್ಜು 2016–17ಕ್ಕೆ 8.8ಕ್ಕೆ ಇಳಿಯಿತು, ಹೆಚ್ಚಿನ ಇಳಿಕೆ ಬಡ ಬಡಾವಣೆಗಳಲ್ಲೇ ಆದದ್ದು. ಇಳಿಕೆಗೆ ಈ ಕಾರ್ಯಕ್ರಮವೊಂದೇ ಕಾರಣವೆಂದು ಹೇಳಲಾಗದಿದ್ದರೂ, ನಮ್ಮ ಕೌನ್ಸಿಲ್ ಇಂತಹದೊಂದನ್ನು ತಂದರೆ ನಾನು ಮೊದಲ ಸಾಲಿನಲ್ಲಿ ಹೆಸರು ಕೊಡುತ್ತೇನೆ.

ಈಗ ಮಗನ ಮಾತು. ಕಾರ್ಯಕ್ರಮ ಮುಗಿದು ಆರು ತಿಂಗಳಿಗೆ ಒಮ್ಮೆ ಕರೆದು ಅಳೆದರು. ಮೊದಲ ಅಳತೆಗೆ ಹೋಲಿಸಿದರೆ ಎತ್ತರ ಐದು ಸೆಂಟಿಮೀಟರ್ ಹೆಚ್ಚಿತ್ತು, ತೂಕ ಒಂದು ಕಿಲೋ ಹೆಚ್ಚಿತ್ತು. 98ರ ಗೆರೆಯ ಮೇಲಿದ್ದವನು ಅದರ ಕೆಳಗೆ ಬಂದಿದ್ದಾನೆ, 91ರ ಗೆರೆಯ ಮೇಲೆಯೇ ಇದ್ದಾನೆ. ಇದು ದೊಡ್ಡ ಪವಾಡವಲ್ಲ, ಆದರೆ ದಿಕ್ಕು ಬದಲಾಗಿದೆ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಎಂಬ ಇಲ್ಲಿನ ಸಲಹೆಯ ಅರ್ಧದಷ್ಟನ್ನು ಅವನು ಶಾಲೆಗೆ ನಡೆದು ಹೋಗಿಬರುವುದರಲ್ಲೇ ಮುಗಿಸುತ್ತಾನೆ. ಕಾರು ಬಿಟ್ಟದ್ದರಿಂದ ನನ್ನ ಗಂಡನ ಸಕ್ಕರೆಯ ಪ್ರಮಾಣವೂ ಗಡಿಯಿಂದ ಹಿಂದೆ ಸರಿದಿದೆ. ಮನೆಯಲ್ಲಿ ಚಕ್ಕುಲಿ ಅಟ್ಟದಿಂದ ಕೆಳಗಿಳಿದಿದೆ. ಹಬ್ಬಕ್ಕೆ ಹೋಳಿಗೆ ಮಾಡುತ್ತೇವೆ, ಎಲ್ಲರೂ ತಿನ್ನುತ್ತೇವೆ, ಅವನೂ.

ಕನ್ನಡದ ಮನೆಗಳಿಗೆ ಕೆಲವು ಉಪಯುಕ್ತ ವಿವರ. ಕಾಗದಕ್ಕಾಗಿ ಕಾಯದೆ ನೀವೇ ಎನ್‌ಎಚ್‌ಎಸ್ ಜಾಲತಾಣದ ಬಿಎಂಐ ಲೆಕ್ಕದ ಪುಟದಲ್ಲಿ ಮಗುವಿನ ಅಳತೆ ಹಾಕಿ ನೋಡಬಹುದು. ಕುಟುಂಬ ಕಾರ್ಯಕ್ರಮಕ್ಕೆ ನಮ್ಮ ಊರಿನಲ್ಲಿ ಜಿಪಿಯ, ಅಂದರೆ ಕುಟುಂಬ ವೈದ್ಯರ, ಚೀಟಿ ಬೇಕಿರಲಿಲ್ಲ, ನೇರವಾಗಿ ಫೋನ್ ಮಾಡಿದರೆ ಸಾಕಾಯಿತು. ಮೊದಲ ಕರೆಯಲ್ಲೇ ದುಭಾಷಿ ಬೇಕೆಂದು ಕೇಳಿರಿ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಊರಿನಿಂದ ಬಂದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ತರಗತಿಗಳಿಗೆ ನಾನು ಕೊಡುವುದು ಐದರಲ್ಲಿ ನಾಲ್ಕೂವರೆ.

ಈ ಸೆಪ್ಟೆಂಬರಿನಲ್ಲಿ ನಮ್ಮ ಮಗಳು ರಿಸೆಪ್ಷನ್‌ಗೆ ಸೇರಿದಳು. ಹೋದ ವಾರ ಅವಳ ಅಳತೆಯ ಸೂಚನಾಪತ್ರ ಬಂತು. ಬೇಡವೆಂದು ಬರೆಯಲಿಲ್ಲ. ಫಲಿತಾಂಶ ಏನೇ ಇರಲಿ, ಅದನ್ನು ಅಂಚೆಯಲ್ಲಿ ಹಾಕದೆ ಮೊದಲು ನನಗೆ ಫೋನ್ ಮಾಡಿ ತಿಳಿಸಿರಿ ಎಂದು ಕೇಳಿ, ಕಳೆದ ವರ್ಷ ನಮ್ಮ ಮನೆಯಲ್ಲಿ ಕಾಗದವನ್ನು ಓದಿದವರು ಯಾರು ಎಂಬುದನ್ನೂ ಬರೆದೆ. ಕೇಳಿಕೊಂಡ ಪೋಷಕರಿಗೆ ಹಾಗೆ ಮಾಡಬಹುದು ಎಂದು ಶಾಲಾ ನರ್ಸ್ ತಂಡದಿಂದ ಶುಕ್ರವಾರ ಉತ್ತರ ಬಂದಿದೆ.